ಗ್ರಂಥಾಲಯದ ಎಡಿಟಿಂಗ್ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ವಿಡಿಯೊ, ಧ್ವನಿ ಮತ್ತು ಚಿತ್ರಗಳ ಸಂಪಾದನೆಗೆಂದೇ ಮೀಸಲಿಟ್ಟ ಕಂಪ್ಯೂಟರ್‌ಗಳ ಬಳಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಳೆದುಹೋದ ಕೆಲಸದ ಕುರಿತೇ ಇದ್ದವು. ಇಂಥದೊಂದು ವಿಭಾಗದಲ್ಲಿ ಹಲವು ವರ್ಷ ವಿದ್ಯಾರ್ಥಿಗಳ ಪಕ್ಕದಲ್ಲಿ ಕುಳಿತು ಕೆಲಸ ಮಾಡಿದ ನನಗೆ ಇದರಿಂದ ಆಶ್ಚರ್ಯವಾಗಲಿಲ್ಲ, ಆದರೆ ಬೇಸರವಾಯಿತು. ಆ ನಷ್ಟಗಳಲ್ಲಿ ಬಹುಪಾಲು, ಮೊದಲ ದಿನ ಯಾರಾದರೂ ಐದು ನಿಮಿಷ ಬಿಡಿಸಿ ಹೇಳಿದ್ದರೆ ತಪ್ಪಬಹುದಾಗಿದ್ದ ನಷ್ಟಗಳು. ಹಾಗಾಗಿ ಆ ಪ್ರಶ್ನೆಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಹನ್ನೆರಡು ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಸಂಪಾದಿಸುತ್ತಿದ್ದೆ. ಸಂಜೆ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲಿನ ಫೋಲ್ಡರಿನಲ್ಲಿ ಸೇವ್ ಮಾಡಿ ಹೊರಟೆ. ಮರುದಿನ ಅದೇ ಕಂಪ್ಯೂಟರಿನ ಮುಂದೆ ಕುಳಿತಾಗ ಆ ಫೋಲ್ಡರೇ ಇರಲಿಲ್ಲ. ಅದನ್ನು ಮರಳಿ ಪಡೆಯುವ ದಾರಿ ಇದೆಯೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ

ಉತ್ತರ: ಬಹುಮಟ್ಟಿಗೆ ಇಲ್ಲ ಎಂದೇ ಹೇಳಬೇಕಾಗಿ ಬಂದುದಕ್ಕೆ ನನಗೆ ವಿಷಾದವಿದೆ. ಆದರೂ ತಡಮಾಡದೆ ಸಿಬ್ಬಂದಿಯನ್ನು ಕೇಳಿ ನೋಡಿ. ಎಲ್ಲ ಗ್ರಂಥಾಲಯಗಳ ವ್ಯವಸ್ಥೆಯೂ ಒಂದೇ ರೀತಿ ಇರುವುದಿಲ್ಲ. ಹಾಗೆಯೇ, ಕ್ಯಾಮೆರಾದ ಕಾರ್ಡನ್ನು ಇನ್ನೂ ಅಳಿಸಿಲ್ಲವಾದರೆ ಅದನ್ನು ಬಳಸದೆ ಎತ್ತಿಡಿ, ಮೂಲ ದೃಶ್ಯಗಳಾದರೂ ಕೈಯಲ್ಲಿ ಉಳಿಯುತ್ತವೆ.

ಏನಾಯಿತೆಂದು ತಿಳಿದರೆ ಮುಂದಿನ ಬಾರಿ ಎಚ್ಚರವಿರುತ್ತದೆ. ಅನೇಕರು ಬಳಸುವ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಾವಲು ತಂತ್ರಾಂಶವನ್ನು ಹಾಕಿರುತ್ತಾರೆ. ‘ಡೀಪ್ ಫ್ರೀಜ್’ ಇಂಥವುಗಳಲ್ಲಿ ಹೆಸರಾದದ್ದು. ನೀವು ಡಿಸ್ಕಿನಲ್ಲಿ ಏನನ್ನೇ ಬರೆದರೂ ಅದು ಮೂಲ ಸ್ಥಿತಿಯನ್ನು ಮುಟ್ಟದೆ, ತಾತ್ಕಾಲಿಕವಾದ ಬೇರೊಂದು ಜಾಗದಲ್ಲಿ ದಾಖಲಾಗುತ್ತದೆ. ಕಂಪ್ಯೂಟರ್ ಮತ್ತೆ ಶುರುವಾದ ಕೂಡಲೇ ಆ ತಾತ್ಕಾಲಿಕ ದಾಖಲೆಯನ್ನು ತ್ಯಜಿಸಿ, ಯಂತ್ರವು ತಾನು ಮೊದಲ ದಿನ ಹೇಗಿತ್ತೋ ಹಾಗೆಯೇ ಎದ್ದು ನಿಲ್ಲುತ್ತದೆ. ಹಿಂದಿನವರು ತಂದ ವೈರಸ್, ಬದಲಿಸಿದ ಸೆಟ್ಟಿಂಗ್, ಮರೆತು ಬಿಟ್ಟುಹೋದ ಖಾಸಗಿ ಚಿತ್ರ, ಇವೆಲ್ಲವೂ ಹೀಗೆ ಒಂದೇ ಏಟಿಗೆ ಅಳಿಯುತ್ತವೆ. ಇದು ಎಲ್ಲರ ಒಳಿತಿಗಾಗಿ ಮಾಡಿದ ಏರ್ಪಾಡು, ಆದರೆ ನಿಮ್ಮ ಫೋಲ್ಡರಿಗೂ ಹಿಂದಿನವರು ತಂದ ವೈರಸ್ಸಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ.

ಒಮ್ಮೆ ನಾನು ಕೆಲಸ ಮಾಡುತ್ತಿದ್ದ ವಿಭಾಗದಲ್ಲಿ ವಿದ್ಯಾರ್ಥಿಯೊಬ್ಬ ಆರು ಗಂಟೆ ಎಡೆಬಿಡದೆ ಕೆಲಸ ಮಾಡಿದ್ದ. ಮಧ್ಯಾಹ್ನದ ಹೊತ್ತಿಗೆ ಕರೆಂಟು ಒಂದು ಕ್ಷಣ ಹೋಗಿ ಬಂತು. ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಲಾಗಿನ್ ಪುಟ ಬಂದು ನಿಂತಿತು. ಅವನು ಏನೂ ಮಾತನಾಡದೆ, ಕೈಗಳನ್ನು ಕೀಬೋರ್ಡಿನ ಮೇಲೆ ಹಾಗೆಯೇ ಇಟ್ಟುಕೊಂಡು ಕುಳಿತಿದ್ದ. ಅಂದಿನಿಂದ ನಾನು ಹೊಸಬರಿಗೆಲ್ಲ ತಂತ್ರಾಂಶವನ್ನು ತೆರೆಯುವ ಮೊದಲೇ ಹೇಳುವ ಮಾತು ಒಂದೇ: ಪ್ರಾಜೆಕ್ಟ್ ಹುಟ್ಟಬೇಕಾದದ್ದು ನಿಮ್ಮ ಸ್ವಂತ ಡಿಸ್ಕಿನಲ್ಲಿ. ಕಂಪ್ಯೂಟರಿನಲ್ಲಿ ಮಾಡಿ ಸಂಜೆ ಕಾಪಿ ಮಾಡಿಕೊಂಡರಾಯಿತು ಎನ್ನುವುದು ಸಾಲದು. ಮೊದಲ ಬಾರಿ ‘ಸೇವ್’ ಒತ್ತುವಾಗಲೇ ಯಾವ ಡ್ರೈವಿನ ಹೆಸರು ಕಾಣುತ್ತಿದೆ ಎಂಬುದನ್ನು ನೋಡಿಕೊಳ್ಳಬೇಕು.

ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಪಾದನಾ ತಂತ್ರಾಂಶವನ್ನು ಬಳಸುವವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಪ್ರೀಮಿಯರ್‌ನಂಥ ತಂತ್ರಾಂಶದಲ್ಲಿ ಪ್ರಾಜೆಕ್ಟ್ ಎಂಬುದು ನೀವು ಬೇಕಾದಲ್ಲಿ ಇಡಬಹುದಾದ ಒಂದು ಫೈಲು. ರಿಸಾಲ್ವ್ ಹಾಗಲ್ಲ, ಅದು ಪ್ರಾಜೆಕ್ಟುಗಳನ್ನು ತನ್ನದೇ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ, ಮತ್ತು ಆ ಡೇಟಾಬೇಸ್ ಮೊದಲಿನಿಂದಲೂ ಇರುವುದು ಗ್ರಂಥಾಲಯದ ಕಂಪ್ಯೂಟರಿನಲ್ಲಿಯೇ. ನೀವು ಗಂಟೆಗೆ ಹತ್ತು ಬಾರಿ ಸೇವ್ ಮಾಡಿದರೂ ಎಲ್ಲವೂ ಅಲ್ಲಿಗೇ ಹೋಗುತ್ತಿರುತ್ತದೆ. ಏಳುವ ಮೊದಲು ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ, ಸಿಗುವ ಡಿಆರ್‌ಪಿ ಫೈಲನ್ನು ನಿಮ್ಮ ಡಿಸ್ಕಿಗೆ ಹಾಕಿಕೊಳ್ಳಬೇಕು. ಅಥವಾ ಮೊದಲ ದಿನವೇ ನಿಮ್ಮ ಡಿಸ್ಕಿನಲ್ಲಿ ಹೊಸ ಪ್ರಾಜೆಕ್ಟ್ ಲೈಬ್ರರಿಯೊಂದನ್ನು ರಚಿಸಿಕೊಳ್ಳಬೇಕು.

ಪ್ರಶ್ನೆ: ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ, ದೃಶ್ಯಗಳಿರಬೇಕಾದ ಕಡೆಯೆಲ್ಲ ಕೆಂಪು ಬಣ್ಣ ಬಂದು ‘ಮೀಡಿಯಾ ಆಫ್‌ಲೈನ್’ ಎಂದು ತೋರಿಸುತ್ತಿದೆ. ಫೈಲು ಕೆಟ್ಟುಹೋಗಿದೆಯೇ?
— ಸ್ನಾತಕ ವಿದ್ಯಾರ್ಥಿ

ಉತ್ತರ: ಫೈಲು ಚೆನ್ನಾಗಿಯೇ ಇದೆ, ಅದರಲ್ಲಿ ದೃಶ್ಯಗಳು ಇಲ್ಲ ಅಷ್ಟೇ. ಪ್ರಾಜೆಕ್ಟ್ ಫೈಲನ್ನು ಒಂದು ಗ್ರಂಥದ ಪರಿವಿಡಿಯಂತೆ ಭಾವಿಸಿ. ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿರುವ ಯಾವ ಕ್ಲಿಪ್ಪನ್ನು ಎಷ್ಟನೆಯ ಸೆಕೆಂಡಿನಿಂದ ಎಷ್ಟನೆಯ ಸೆಕೆಂಡಿನವರೆಗೆ ತೋರಿಸಬೇಕು ಎಂಬ ಸೂಚನೆ ಮಾತ್ರ ಅದರಲ್ಲಿರುತ್ತದೆ. ಮೂವತ್ತು ಜಿಬಿಯಷ್ಟು ದೃಶ್ಯಗಳಿರುವ ಕೆಲಸದ ಪ್ರಾಜೆಕ್ಟ್ ಫೈಲು ಕೆಲವೇ ಎಂಬಿಯಷ್ಟು ಇರುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನೀವು ಪರಿವಿಡಿಯನ್ನು ತಂದಿರಿ, ಪುಟಗಳನ್ನು ಅಲ್ಲಿಯೇ ಬಿಟ್ಟು ಬಂದಿರಿ.

ಮೂಲ ಕ್ಲಿಪ್‌ಗಳು ಎಲ್ಲಿಯಾದರೂ ಉಳಿದಿದ್ದರೆ ಅವುಗಳನ್ನು ಅದೇ ಹೆಸರಿನಲ್ಲಿ ಒಂದು ಫೋಲ್ಡರಿಗೆ ಹಾಕಿ, ಕೆಂಪಾದ ಒಂದು ಕ್ಲಿಪ್ಪಿನ ಮೇಲೆ ಬಲಗುಂಡಿ ಒತ್ತಿ ‘ಲಿಂಕ್ ಮೀಡಿಯಾ’ ಆಯ್ಕೆಯ ಮೂಲಕ ಆ ಫೋಲ್ಡರನ್ನು ತೋರಿಸಿ. ಒಂದನ್ನು ತೋರಿಸಿದರೆ ಅದೇ ಫೋಲ್ಡರಿನಲ್ಲಿರುವ ಉಳಿದವುಗಳನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ. ನಡುವೆ ಫೈಲುಗಳ ಹೆಸರನ್ನು ಬದಲಿಸಿದ್ದರೆ ಮಾತ್ರ ಒಂದೊಂದನ್ನೂ ಕೈಯಾರೆ ತೋರಿಸಬೇಕಾಗುತ್ತದೆ. ಆದ್ದರಿಂದ ಹೆಸರು ಬದಲಿಸುವುದಾದರೆ ಸಂಪಾದನೆ ಶುರುಮಾಡುವ ಮೊದಲೇ ಬದಲಿಸಿ, ಆಮೇಲೆ ಬೇಡ.

ಮುಂದೆ ಹೀಗಾಗದಿರಲು, ಒಂದು ಕೆಲಸಕ್ಕೆ ಒಂದೇ ಮುಖ್ಯ ಫೋಲ್ಡರ್ ಮಾಡಿ, ಅದರೊಳಗೆ ದೃಶ್ಯ, ಧ್ವನಿ, ಸಂಗೀತ, ಚಿತ್ರ ಮತ್ತು ಪ್ರಾಜೆಕ್ಟ್ ಎಂಬ ಉಪಫೋಲ್ಡರುಗಳನ್ನು ಇಟ್ಟುಕೊಳ್ಳಿ. ಡೌನ್‌ಲೋಡ್ ಮಾಡಿದ ಹಾಡನ್ನೋ ಫೋನಿನಿಂದ ಬಂದ ಚಿತ್ರವನ್ನೋ ನೇರವಾಗಿ ಟೈಮ್‌ಲೈನಿಗೆ, ಎಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಎಳೆದು ಹಾಕುವುದು ಎಲ್ಲರೂ ಮಾಡುವ ತಪ್ಪು. ಅದು ಕಂಪ್ಯೂಟರಿನ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿಯೇ ಉಳಿದು, ಯಂತ್ರ ಮತ್ತೆ ಶುರುವಾದಾಗ ಅಳಿಸಿಹೋಗುತ್ತದೆ. ಕೆಲಸ ಮುಗಿಯುವ ಹಂತದಲ್ಲಿ ಪ್ರೀಮಿಯರ್‌ನ ‘ಪ್ರಾಜೆಕ್ಟ್ ಮ್ಯಾನೇಜರ್’ ಅಥವಾ ರಿಸಾಲ್ವ್‌ನ ‘ಆರ್ಕೈವ್’ ಸೌಲಭ್ಯವನ್ನು ಬಳಸಿದರೆ ಬೇಕಾದ ಫೈಲುಗಳೆಲ್ಲ ಒಂದೇ ಕಡೆ ಗಂಟಾಗಿ ಸಿಗುತ್ತವೆ. ಧ್ವನಿ ಸಂಪಾದನೆಯ ತಂತ್ರಾಂಶವಾದ ಆಡಾಸಿಟಿಯಲ್ಲಿ ಈ ತೊಡಕು ಈಗ ಕಡಿಮೆಯಾಗಿದೆ. ಮೊದಲು ಪ್ರಾಜೆಕ್ಟ್ ಫೈಲಿನ ಜೊತೆಗೆ ಧ್ವನಿಯ ತುಣುಕುಗಳ ಒಂದು ಪ್ರತ್ಯೇಕ ಫೋಲ್ಡರ್ ಇರುತ್ತಿತ್ತು, ಜನ ಅದನ್ನು ಬಿಟ್ಟು ಬರುತ್ತಿದ್ದರು. 2021ರಲ್ಲಿ ಬಂದ 3.0 ಆವೃತ್ತಿಯಿಂದ ಈಚೆಗೆ ಎಲ್ಲವೂ ಒಂದೇ ಫೈಲಿನಲ್ಲಿರುತ್ತದೆ.

ಇನ್ನೊಂದು ಮಾತು. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿಯೂ ಕೆಲಸ ಮಾಡುವವರು ಗ್ರಂಥಾಲಯದ ಆವೃತ್ತಿಯ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಎರಡೂ ಹೊಂದುವಂತೆ ನೋಡಿಕೊಳ್ಳಬೇಕು.

ಪ್ರಶ್ನೆ: ಯಾವ ಬಗೆಯ ಡಿಸ್ಕನ್ನು ತರಬೇಕು? ನನ್ನ ಬಳಿ ದೊಡ್ಡ ಪೆನ್‌ಡ್ರೈವ್ ಇದೆ, ಆದರೆ ಅದರಲ್ಲಿ ಇನ್ನೂ ಜಾಗವಿದ್ದರೂ ಒಂದು ವಿಡಿಯೊ ಕಾಪಿ ಆಗುತ್ತಿಲ್ಲ.
— ಸಂಶೋಧನಾ ವಿದ್ಯಾರ್ಥಿ

ಉತ್ತರ: ನಿಮ್ಮ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ವಿನ್ಯಾಸದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಎಷ್ಟೇ ಜಾಗ ಖಾಲಿ ಇದ್ದರೂ ಆ ವಿನ್ಯಾಸದಲ್ಲಿ ಒಂದು ಫೈಲು 4 ಜಿಬಿಯನ್ನು ಮೀರುವಂತಿಲ್ಲ. ಒಳಗಿರುವುದನ್ನೆಲ್ಲ ಬೇರೆಡೆಗೆ ಕಾಪಿ ಮಾಡಿಕೊಂಡು, ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿದರೆ ಈ ತೊಂದರೆ ತೀರುತ್ತದೆ. ಗ್ರಂಥಾಲಯದಲ್ಲಿ ವಿಂಡೋಸ್ ಮತ್ತು ಮ್ಯಾಕ್ ಎರಡೂ ಬಗೆಯ ಯಂತ್ರಗಳಿದ್ದರೆ ಎಕ್ಸ್‌ಫ್ಯಾಟ್ ಇನ್ನೂ ಅಗತ್ಯ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ಅದರಲ್ಲಿ ಬರೆಯುವುದಿಲ್ಲ, ಮ್ಯಾಕ್‌ನ ಎಪಿಎಫ್‌ಎಸ್ ಡಿಸ್ಕನ್ನು ವಿಂಡೋಸ್ ಗುರುತಿಸುವುದೇ ಇಲ್ಲ.

ಆದರೆ ಪೆನ್‌ಡ್ರೈವಿನಿಂದಲೇ ನೇರವಾಗಿ ಸಂಪಾದನೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರಿಸುವ 4ಕೆ ಕ್ಯಾಮೆರಾ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ ದೃಶ್ಯವನ್ನು ತುಂಬುತ್ತದೆ. ಸೆಕೆಂಡಿಗೆ 15 ಎಂಬಿ ಮಾತ್ರ ಬರೆಯಬಲ್ಲ ಸಾಧಾರಣ ಪೆನ್‌ಡ್ರೈವಿಗೆ ಇಷ್ಟನ್ನು ಕಾಪಿ ಮಾಡಲು 50 ನಿಮಿಷ ಬೇಕು. ನಿಮಗೆ ಎರಡು ಗಂಟೆಯ ಅವಧಿ ಸಿಕ್ಕಿದ್ದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಇಲ್ಲಿಯೇ ಮುಗಿಯಿತು. ಸೆಕೆಂಡಿಗೆ 400 ಎಂಬಿ ಬರೆಯುವ ಎಸ್‌ಎಸ್‌ಡಿಗೆ, ಎಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಿಗೆ, ಅದೇ ಕೆಲಸ ಎರಡು ನಿಮಿಷದ್ದು. ಖರ್ಚು ಮಾಡಲು ಸಾಧ್ಯವಿದ್ದರೆ ಹೊರಗಿನಿಂದ ಜೋಡಿಸುವ ಎಸ್‌ಎಸ್‌ಡಿಯನ್ನೇ ತರುವುದು ಲೇಸು. ಸಾಧ್ಯವಿಲ್ಲದಿದ್ದರೆ ಎರವಲು ಕೊಡುವ ಡಿಸ್ಕುಗಳು ಇವೆಯೇ ಎಂದು ವಿಚಾರಿಸಿ, ಪುಸ್ತಕದಂತೆಯೇ ಡಿಸ್ಕನ್ನೂ ಎರವಲು ಕೊಡುವ ಗ್ರಂಥಾಲಯಗಳಿವೆ. ಅದನ್ನು ಯಾವ ಕಿಂಡಿಗೆ ಸಿಕ್ಕಿಸುತ್ತೀರಿ ಎಂಬುದೂ ಮುಖ್ಯ. ಯುಎಸ್‌ಬಿ 2.0 ಕಿಂಡಿಯ ಗರಿಷ್ಠ ವೇಗ ಕಾಗದದ ಮೇಲೆಯೇ ಸೆಕೆಂಡಿಗೆ 60 ಎಂಬಿ, ಬಳಕೆಯಲ್ಲಿ ಅದಕ್ಕಿಂತ ಕಡಿಮೆ. ಒಳಗೆ ನೀಲಿ ಬಣ್ಣವಿರುವ ಕಿಂಡಿ ಸಾಮಾನ್ಯವಾಗಿ 3.0 ಆಗಿರುತ್ತದೆ, ಅದನ್ನೇ ಬಳಸಿ.

ಪ್ರಶ್ನೆ: ಫೋನಿನಲ್ಲಿ ಚಿತ್ರಿಸಿದ ಸಂದರ್ಶನದ ಆರಂಭದಲ್ಲಿ ತುಟಿಯೂ ಮಾತೂ ಸರಿಯಾಗಿ ಹೊಂದುತ್ತವೆ, ಇಪ್ಪತ್ತು ನಿಮಿಷದ ಹೊತ್ತಿಗೆ ಮಾತು ಹಿಂದೆ ಬೀಳುತ್ತದೆ. ಜೊತೆಗೆ ದೃಶ್ಯ ತಡೆತಡೆದು ಓಡುತ್ತದೆ. ಕಂಪ್ಯೂಟರ್ ಹಳೆಯದಾಗಿರುವುದು ಕಾರಣವೇ?
— ಸಮಾಜಕಾರ್ಯ ವಿದ್ಯಾರ್ಥಿನಿ

ಉತ್ತರ: ಎರಡೂ ಬೇರೆ ಬೇರೆ ತೊಂದರೆಗಳು, ಮತ್ತು ಮೊದಲನೆಯದಕ್ಕೆ ಕಂಪ್ಯೂಟರ್ ಕಾರಣವಲ್ಲ. ಕ್ಯಾಮೆರಾಗಳು ಸೆಕೆಂಡಿಗೆ 25 ಅಥವಾ 30 ಚೌಕಟ್ಟುಗಳನ್ನು, ಎಂದರೆ ಬಿಡಿ ಚಿತ್ರಗಳನ್ನು (ಫ್ರೇಮ್), ಒಂದೇ ಅಳತೆಯಲ್ಲಿ ದಾಖಲಿಸುತ್ತವೆ. ಫೋನುಗಳು ಹಲವು ಬಾರಿ ಬೆಳಕು ಕಡಿಮೆಯಾದಾಗ ಅಥವಾ ತಮ್ಮ ಮೇಲೆ ಭಾರ ಹೆಚ್ಚಿದಾಗ ಚೌಕಟ್ಟುಗಳ ಸಂಖ್ಯೆಯನ್ನು ಏರಿಳಿಸುತ್ತವೆ. ಧ್ವನಿ ಮಾತ್ರ ತನ್ನ ಪಾಡಿಗೆ ಒಂದೇ ಗತಿಯಲ್ಲಿ ಸಾಗುತ್ತದೆ. ಈ ಏರಿಳಿತವನ್ನು ಸಂಪಾದನಾ ತಂತ್ರಾಂಶ ಸರಿಯಾಗಿ ಅರ್ಥಮಾಡಿಕೊಳ್ಳದಿದ್ದಾಗ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತಾ ಹೋಗಿ ಇಪ್ಪತ್ತನೆಯ ನಿಮಿಷದಲ್ಲಿ ಕಣ್ಣಿಗೆ ಕಾಣುವಷ್ಟಾಗುತ್ತವೆ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆಯ್ಕೆ ಮಾಡಿ ಕ್ಲಿಪ್ಪನ್ನು ಒಮ್ಮೆ ಪರಿವರ್ತಿಸಿಕೊಂಡು, ಆ ಪ್ರತಿಯಿಂದ ಸಂಪಾದನೆ ಮಾಡಿ. ಧ್ವನಿಯನ್ನು ಪ್ರತ್ಯೇಕ ರೆಕಾರ್ಡರಿನಲ್ಲಿ ಹಿಡಿದಿದ್ದರೆ ಅದು 48 ಕಿಲೋಹರ್ಟ್ಸ್‌ನಲ್ಲಿದೆಯೇ ಎಂದೂ ನೋಡಿ. ವಿಡಿಯೊ ಕೆಲಸದ ಅಳತೆ ಅದು, 44.1 ಎಂಬುದು ಆಡಿಯೊ ಸಿಡಿಗಳ ಅಳತೆ.

ತಡೆತಡೆದು ಓಡುವುದಕ್ಕೆ ಕಾರಣ ದೃಶ್ಯವನ್ನು ಕುಗ್ಗಿಸಿರುವ ರೀತಿ. ಎಚ್.264 ಅಥವಾ ಎಚ್.265 ವಿಧಾನದಲ್ಲಿ ಪ್ರತಿಯೊಂದು ಚೌಕಟ್ಟನ್ನೂ ಪೂರ್ತಿಯಾಗಿ ಉಳಿಸುವುದಿಲ್ಲ. ಆಗೊಂದು ಈಗೊಂದು ಪೂರ್ಣ ಚಿತ್ರವನ್ನಿಟ್ಟು, ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡುತ್ತಾರೆ. ನೋಡುವವರಿಗೆ ಇದು ಸಾಕು. ಆದರೆ ನೀವು ಟೈಮ್‌ಲೈನಿನ ನಡುವೆ ಎಲ್ಲೋ ಬೆರಳಿಟ್ಟಾಗ, ಆ ಒಂದು ಚೌಕಟ್ಟನ್ನು ತೋರಿಸಲು ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರದವರೆಗೆ ಹೋಗಿ ಅಲ್ಲಿಂದ ಒಂದೊಂದಾಗಿ ಕಟ್ಟಿಕೊಂಡು ಬರಬೇಕು. ಪ್ರಾಕ್ಸಿ, ಎಂದರೆ ಹಗುರವಾದ ಬದಲಿ ಪ್ರತಿಗಳನ್ನು ಮಾಡಿಕೊಂಡು ಸಂಪಾದಿಸಿದರೆ ಹಳೆಯ ಯಂತ್ರದಲ್ಲಿಯೂ ಕೆಲಸ ಸಲೀಸಾಗುತ್ತದೆ. ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ, ಎಂದರೆ ಸಂಪಾದಿಸಿದ್ದನ್ನು ಒಂದೇ ವಿಡಿಯೊ ಫೈಲಾಗಿ ಹೊರತೆಗೆಯುವಾಗ, ತಂತ್ರಾಂಶ ಮೂಲ ದೃಶ್ಯಗಳನ್ನೇ ಬಳಸುತ್ತದೆ. ಪ್ರಾಕ್ಸಿಗಳನ್ನು ಕೂಡ ನಿಮ್ಮ ಡಿಸ್ಕಿನಲ್ಲಿಯೇ ಇಡಿ, ಇಲ್ಲವಾದರೆ ಪ್ರತಿದಿನ ಹೊಸದಾಗಿ ಮಾಡುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ: ಶೀರ್ಷಿಕೆಯನ್ನು ಕನ್ನಡದಲ್ಲಿ ಹಾಕಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ನನ್ನದೇ ಫಾಂಟನ್ನು ಹಾಕಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ.
— ಕನ್ನಡ ಅಧ್ಯಯನ ವಿಭಾಗದ ವಿದ್ಯಾರ್ಥಿ

ಉತ್ತರ: ಕನ್ನಡದ ಒಂದು ಸಂಯುಕ್ತಾಕ್ಷರದಲ್ಲಿ ವ್ಯಂಜನ, ಹಲಂತ, ಇನ್ನೊಂದು ವ್ಯಂಜನ, ಸ್ವರಚಿಹ್ನೆ ಎಂದು ಹಲವು ಸಂಕೇತಗಳು ಸೇರಿರುತ್ತವೆ. ಅವನ್ನು ಜೋಡಿಸಿ ಸರಿಯಾದ ಆಕಾರ ಕೊಡುವುದು ತಂತ್ರಾಂಶದ ಹೊಣೆ. ಲ್ಯಾಟಿನ್ ಲಿಪಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡ ಅಕ್ಷರ ಜೋಡಣೆಯ ವ್ಯವಸ್ಥೆ ‘ಸ್ತ್ರೀ’ ಎಂಬ ಅಕ್ಷರವನ್ನು ಕಂಡರೆ ಅದನ್ನು ತುಂಡು ತುಂಡಾಗಿಯೇ ಪರದೆಗೆ ಎಸೆಯುತ್ತದೆ. ಪ್ರೀಮಿಯರ್‌ನಲ್ಲಿ ‘ಪ್ರಿಫರೆನ್ಸಸ್’ ಒಳಗೆ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ, ಅಕ್ಷರಗಳ ಎಂಜಿನ್ನನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಆಯ್ಕೆಗೆ ಬದಲಿಸಿ, ಆಮೇಲೆ ಶೀರ್ಷಿಕೆಯನ್ನು ಹೊಸದಾಗಿ ರಚಿಸಿ. ಯಂತ್ರ ಮರುದಿನ ಎಲ್ಲವನ್ನೂ ಮರೆಯುವುದರಿಂದ ಈ ಆಯ್ಕೆಯನ್ನು ಪ್ರತಿ ಬಾರಿ ಮಾಡಬೇಕಾಗಬಹುದು.

ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿದೆ. ಕನ್ನಡವನ್ನು ಸರಿಯಾಗಿ ಜೋಡಿಸುವ ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ, ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ, ನಿಮಗೆ ಬೇಕಾದ ಫಾಂಟಿನಲ್ಲಿ ಶೀರ್ಷಿಕೆಗಳನ್ನು ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರಗಳಾಗಿ ಎಕ್ಸ್‌ಪೋರ್ಟ್ ಮಾಡಿ ತನ್ನಿ. ಚಿತ್ರವಾದ ಮೇಲೆ ಅಕ್ಷರ ಒಡೆಯುವ ಭಯವಿಲ್ಲ, ಫಾಂಟ್ ಹಾಕುವ ಅಗತ್ಯವೂ ಇಲ್ಲ. ಬರೆಯುವಾಗ ಯೂನಿಕೋಡ್ ಬಳಸಿ. ಕನ್ನಡ ಲಿಪಿ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅದಕ್ಕೆ ಹೊರತಾದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ನಮ್ಮ ಭಾಷೆಯ ಚಿತ್ರದ ಮೊದಲ ಪರದೆಯಲ್ಲಿಯೇ ಅಕ್ಷರ ಮುರಿದು ಬಿದ್ದಿರುವುದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ, ಆದ್ದರಿಂದ ಇಷ್ಟು ಶ್ರಮವನ್ನು ದಯವಿಟ್ಟು ವಹಿಸಿ.

ಪ್ರಶ್ನೆ: ಎಕ್ಸ್‌ಪೋರ್ಟ್ ಆಗುತ್ತಿರುವಾಗಲೇ ನನ್ನ ಅವಧಿ ಮುಗಿದು ಲಾಗ್‌ಔಟ್ ಆಯಿತು. ಏನು ಮಾಡಬಹುದಿತ್ತು?

ಉತ್ತರ: ಕಾಯ್ದಿರಿಸಿದ ಅವಧಿಯ ಕೊನೆಯ ಮೂರನೆಯ ಒಂದು ಭಾಗವನ್ನು ಎಕ್ಸ್‌ಪೋರ್ಟ್ ಮತ್ತು ಕಾಪಿಗೆಂದು ಬಿಟ್ಟಿರಬೇಕು. ಮೊದಲು ಒಂದು ನಿಮಿಷದ ತುಣುಕನ್ನು ಎಕ್ಸ್‌ಪೋರ್ಟ್ ಮಾಡಿ ಎಷ್ಟು ಹೊತ್ತಾಗುತ್ತದೆ ಎಂದು ನೋಡಿದರೆ ಪೂರ್ತಿ ಚಿತ್ರಕ್ಕೆ ಬೇಕಾಗುವ ಸಮಯ ಸುಮಾರಾಗಿ ತಿಳಿಯುತ್ತದೆ. ಗಡುವಿನ ಹಿಂದಿನ ದಿನ ಎಲ್ಲ ಕುರ್ಚಿಗಳೂ ತುಂಬಿರುತ್ತವೆ, ಅಂದು ಅವಧಿ ವಿಸ್ತರಣೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಹಳೆಯ ಕ್ಯಾಸೆಟ್ಟುಗಳಲ್ಲಿ ನಮ್ಮ ತಾಯಿಯವರು ಹಾಡಿದ ಹಾಡುಗಳಿವೆ. ಗ್ರಂಥಾಲಯದ ಯಂತ್ರದಲ್ಲಿ ಅವುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೆಂದು ಕೇಳಿದ್ದೇನೆ. ನನ್ನಿಂದ ಆಗುವ ಕೆಲಸವೇ?

ಉತ್ತರ: ಖಂಡಿತ ಆಗುತ್ತದೆ, ಸರ್, ಮತ್ತು ತಡಮಾಡದೆ ಮಾಡಬೇಕಾದ ಕೆಲಸ ಇದು. ಹೊರಗಿನವರಿಗೂ ಹಳೆಯ ಸಿಬ್ಬಂದಿಗೂ ಈ ಕೋಣೆಯ ಪ್ರವೇಶವಿದೆಯೇ, ಕ್ಯಾಸೆಟ್ ಡೆಕ್ ಕೆಲಸ ಮಾಡುತ್ತಿದೆಯೇ ಎಂಬ ಎರಡನ್ನು ಮೊದಲು ವಿಚಾರಿಸಿಕೊಳ್ಳಿ.

ಮನೆಯಲ್ಲಿಯೇ ಮಾಡಬೇಕಾದ ಒಂದು ಕೆಲಸವಿದೆ. ಕ್ಯಾಸೆಟ್ಟಿನ ಮೇಲಂಚಿನಲ್ಲಿ, ಟೇಪು ಕಾಣುವ ಬದಿಗೆ ಎದುರಾಗಿ, ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳಿರುತ್ತವೆ. ಅವನ್ನು ಮುರಿದು ತೆಗೆದರೆ ಅದರ ಮೇಲೆ ಯಾರೂ ತಪ್ಪಿ ಬೇರೇನನ್ನೂ ರೆಕಾರ್ಡ್ ಮಾಡಲಾಗದು. ಗುಂಡಿ ತಪ್ಪಿ ಒತ್ತಿ ತಾಯಿಯ ದನಿಯನ್ನು ಅಳಿಸಿಕೊಳ್ಳುವ ಅಪಾಯ ಇಷ್ಟರಿಂದ ತಪ್ಪುತ್ತದೆ. ಟೇಪಿನ ಸುರುಳಿಯಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಓಡಿಸಬೇಡಿ, ಸಿಬ್ಬಂದಿಗೆ ತೋರಿಸಿ. ಬೂಷ್ಟು ಡೆಕ್ಕಿಗೆ ಅಂಟಿ ಮುಂದಿನವರ ಕ್ಯಾಸೆಟ್ಟಿಗೂ ಹರಡುತ್ತದೆ. ಬಹಳ ವರ್ಷ ಹಾಗೆಯೇ ಇಟ್ಟಿದ್ದ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿದರೆ ಸುರುಳಿ ಸಡಿಲಗೊಂಡು ಸರಾಗವಾಗಿ ಚಲಿಸುತ್ತದೆ.

ಇಳಿಸುವ ಕೆಲಸ ಕ್ಯಾಸೆಟ್ಟು ಓಡುವಷ್ಟೇ ಹೊತ್ತು ಹಿಡಿಯುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ, ಇದರಲ್ಲಿ ಅವಸರ ನಡೆಯುವುದಿಲ್ಲ. ಆಡಾಸಿಟಿಯಲ್ಲಿ 24 ಬಿಟ್, 96 ಕಿಲೋಹರ್ಟ್ಸ್ ಎಂಬ ಅಳತೆಯನ್ನು ಆರಿಸಿಕೊಳ್ಳಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಶಿಫಾರಸು ಮಾಡಿರುವುದು ಇದನ್ನೇ, ಕನಿಷ್ಠ 48 ಆದರೂ ಇರಲಿ ಎನ್ನುತ್ತದೆ ಅದು. ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಹಾಡಿನ ಅತಿ ಜೋರಾದ ಜಾಗದಲ್ಲಿಯೂ ಕೊನೆಯ ಕೆಂಪು ಅಂಚನ್ನು ಮುಟ್ಟದಂತೆ ಇರಿಸಿ, ಏಕೆಂದರೆ ಅಲ್ಲಿ ಕತ್ತರಿಸಿಹೋದ ಧ್ವನಿಯನ್ನು ಆಮೇಲೆ ಯಾವ ತಂತ್ರಾಂಶವೂ ನಿಜವಾಗಿ ಮರಳಿಸಲಾರದು. ಮೊದಲ ಪ್ರತಿಯನ್ನು ವೇವ್ ರೂಪದಲ್ಲಿ, ಏನನ್ನೂ ತಿದ್ದದೆ ಉಳಿಸಿ. ಹಿನ್ನೆಲೆಯ ಸರಸರ ಸದ್ದನ್ನು ತೆಗೆಯುವುದು, ಹಾಡುಗಳನ್ನು ಬಿಡಿಸುವುದು ಎಲ್ಲವೂ ಎರಡನೆಯ ಪ್ರತಿಯಲ್ಲಿ ಆಗಲಿ. ಸದ್ದನ್ನು ಪೂರ್ತಿ ಅಳಿಸಲು ಹೊರಟರೆ ದನಿಯ ಉಸಿರೂ ಅದರ ಜೊತೆಗೆ ಹೋಗುತ್ತದೆ, ಸ್ವಲ್ಪ ಸದ್ದು ಉಳಿದರೂ ಚಿಂತೆಯಿಲ್ಲ. ಮುಗಿದ ಮೇಲೆ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಮತ್ತು ಮನೆಯಿಂದ ದೂರದ ಒಂದು ಕಡೆ ಪ್ರತಿ ಇಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ.

ಪ್ರಶ್ನೆ: ಹಿನ್ನೆಲೆಗೆ ಹಾಕಿದ ಸಂಗೀತಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ. ಇಷ್ಟು ಸಾಕಲ್ಲವೇ?

ಉತ್ತರ: ಯಾವ ಪರವಾನಗಿ ಎಂಬುದರ ಮೇಲೆ ಅವಲಂಬಿಸಿದೆ. ಕ್ರಿಯೇಟಿವ್ ಕಾಮನ್ಸ್ ಎಂದರೆ ಕರ್ತೃಗಳು ತಮ್ಮ ಕೃತಿಯನ್ನು ಬಳಸಲು ಎಲ್ಲರಿಗೂ ಮೊದಲೇ ಕೊಟ್ಟಿಡುವ ಅನುಮತಿ, ಅದರ ಷರತ್ತುಗಳನ್ನು ಹೆಸರಿನಲ್ಲಿರುವ ಇಂಗ್ಲಿಷ್ ಅಕ್ಷರಗಳು ಹೇಳುತ್ತವೆ. ಬಿವೈ ಎಂದಿದ್ದರೆ ಕೃತಿ, ಕರ್ತೃ, ದೊರೆತ ಸ್ಥಳ ಮತ್ತು ಪರವಾನಗಿಯ ಹೆಸರನ್ನು ಕೊನೆಯ ಪರದೆಯಲ್ಲಿ ಕೊಡಬೇಕು. ಎನ್‌ಸಿ ಇದ್ದರೆ ವಾಣಿಜ್ಯ ಬಳಕೆ ಸಲ್ಲದು. ಹೆಚ್ಚಿನವರು ಗಮನಿಸದೆ ಬಿಡುವುದು ಎನ್‌ಡಿ ಎಂಬ ಎರಡು ಅಕ್ಷರಗಳನ್ನು. ಮೂಲವನ್ನು ಬದಲಿಸಿ ಹಂಚಬಾರದು ಎಂಬುದು ಅದರ ಅರ್ಥ, ಮತ್ತು ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸುವುದನ್ನು ಈ ಪರವಾನಗಿಗಳು ಬದಲಾವಣೆ ಎಂದೇ ಪರಿಗಣಿಸುತ್ತವೆ. ಒಂದು ಸ್ವರವನ್ನೂ ಮುಟ್ಟದೆ ಹಾಕಿದ್ದರೂ ಅಂಥ ಸಂಗೀತವಿರುವ ವಿಡಿಯೊವನ್ನು ಪ್ರಕಟಿಸುವಂತಿಲ್ಲ.

ಪ್ರಶ್ನೆ: ಎದ್ದು ಹೊರಡುವ ಮುನ್ನ ಏನೇನು ನೋಡಿಕೊಳ್ಳಬೇಕು?

ಉತ್ತರ: ಬ್ರೌಸರಿನಲ್ಲಿ ತೆರೆದ ಇಮೇಲ್ ಮತ್ತು ಕ್ಲೌಡ್ ಖಾತೆಗಳಿಂದ ಒಂದೊಂದಾಗಿ ಹೊರಬನ್ನಿ, ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ. ಸಂಪಾದನಾ ತಂತ್ರಾಂಶಕ್ಕೆ ನಿಮ್ಮ ಸ್ವಂತ ಖಾತೆಯಿಂದ ಸೈನ್‌ಇನ್ ಆಗಿದ್ದರೆ ಅದರಿಂದಲೂ ಹೊರಬರಬೇಕು. ಎಕ್ಸ್‌ಪೋರ್ಟ್ ಆದ ವಿಡಿಯೊವನ್ನು ಅಲ್ಲಿಯೇ ಮೊದಲಿನಿಂದ ಕೊನೆಯವರೆಗೆ, ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ನೋಡಿ. ಆಮೇಲೆ ಡಿಸ್ಕನ್ನು ‘ಇಜೆಕ್ಟ್’ ಮಾಡಿ, ಅದರ ದೀಪ ಮಿನುಗುವುದು ನಿಂತ ಮೇಲೆ ಕೇಬಲ್ ಕಳಚಿ. ಎಕ್ಸ್‌ಫ್ಯಾಟ್ ಡಿಸ್ಕು ಬರೆಯುತ್ತಿರುವಾಗ ಎಳೆದರೆ ಬೇಗನೆ ಕೆಡುತ್ತದೆ. ಗ್ರಂಥಾಲಯದ ಕಳೆದ ವಸ್ತುಗಳ ಪೆಟ್ಟಿಗೆಯಲ್ಲಿ ಯಾರದೆಂದು ತಿಳಿಯದ ಡಿಸ್ಕುಗಳು ಯಾವಾಗಲೂ ಇರುತ್ತವೆ, ಆದ್ದರಿಂದ ನಿಮ್ಮ ಡಿಸ್ಕು ಮತ್ತು ಪೆನ್‌ಡ್ರೈವುಗಳನ್ನು ತೆರೆದೊಡನೆ ಕಾಣುವಂತೆ ‘ಸಿಕ್ಕರೆ ದಯವಿಟ್ಟು ತಿಳಿಸಿ’ ಎಂಬ ಹೆಸರಿನ ಒಂದು ಪಠ್ಯ ಫೈಲನ್ನು ಮಾಡಿ, ಅದರೊಳಗೆ ನಿಮ್ಮ ಹೆಸರು, ವಿಭಾಗ ಮತ್ತು ಫೋನ್ ಸಂಖ್ಯೆಯನ್ನು ಬರೆದಿಡಿ.